ಸರೋವರದ ದಡದಲ್ಲೊಂದು ಬಲಿಪೀಠ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ದೇವಾಲಯದ ಕಟ್ಟಡ, ಗಂಟೆ, ಗೋಪುರಗಳ ವೃತ್ತಾಂತವನ್ನು ಬರೆಯಲು ನನಗಿಂತ ಬಲ್ಲವರು ಇದ್ದಾರೆಂಬ ನೆಮ್ಮದಿ ನನಗಿತ್ತು. ಕಲ್ಲು-ಗಾರೆಗಳ ಚರಿತ್ರೆ ಅವಶ್ಯವಾದುದೇ. ಆದರೆ ಒಂದು ಧರ್ಮಕೇಂದ್ರದ ಒಳಗಿನ ಚರಿತ್ರೆಯೆಂದರೆ ಅದರ ಕುಟುಂಬಗಳ ಚರಿತ್ರೆ. ನೂರು ವರ್ಷಗಳ ಕಾಲ ವಿಶ್ವಾಸದ ದೀಪ ಇಲ್ಲಿ ಆರದೆ ಉಳಿದಿದ್ದರೆ, ಅದಕ್ಕೆ ಬಲಿಪೀಠದ ಮುಂದೆ ನಿಂತ ಗುರುಗಳಷ್ಟೇ ಕಾರಣರಲ್ಲ. ಮುಸ್ಸಂಜೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಜಪಸರ ಹೇಳಿಸಿದ ತಾಯಂದಿರೂ ತಂದೆಯರೂ ಕಾರಣರು. ಆದುದರಿಂದ ದೂರದ ಪೋಲೆಂಡ್ ದೇಶದಲ್ಲಿ, ಸರೋವರಗಳ ದಡದಲ್ಲಿ, ಕೆಲವು ಸಾಮಾನ್ಯ ಕುಟುಂಬಗಳು ಕಳೆದ ಬೇಸಿಗೆಯ ದಿನಗಳ ಚರಿತ್ರೆಯನ್ನು ಓದುಗರ ಮುಂದಿಡಲು ಬಯಸುತ್ತೇನೆ. ಆ ಕುಟುಂಬಗಳ ನಡುವೆ ಗುಡಾರ ಹಾಕಿಕೊಂಡಿದ್ದ ಗುರುವೊಬ್ಬರು ಮುಂದೆ ಜಗದ್ಗುರುಗಳಾದರು. 1986ರ ಫೆಬ್ರವರಿ 6ರಂದು ಅವರು ಮಂಗಳೂರಿಗೆ ಬಂದಾಗ ಅವರನ್ನು ಕಂಡವರು ನಮ್ಮಲ್ಲಿ ಇಂದಿಗೂ ಅನೇಕರಿದ್ದಾರೆ.

ಸಂತ ಎರಡನೇ ಜಾನ್ ಪೌಲರ ಪೂರ್ವಾಶ್ರಮದ ಹೆಸರು ಕರೋಲ್ ವೊಯ್ತಿವಾ. 1920ರ ಮೇ 18ರಂದು ವಾದೊವಿತ್ಸೆ ಎಂಬ ಸಣ್ಣ ಪಟ್ಟಣದಲ್ಲಿ ಅವರು ಜನಿಸಿದರು. ಎಂಟು ವರ್ಷ ತುಂಬಿ ಒಂಬತ್ತಕ್ಕೆ ಕಾಲಿಡುವ ಮೊದಲೇ, 1929ರಲ್ಲಿ, ತಾಯಿಯನ್ನು ಕಳೆದುಕೊಂಡರು. ವೈದ್ಯನಾಗಿದ್ದ ಅಣ್ಣ ರೋಗಿಯೊಬ್ಬರ ಶುಶ್ರೂಷೆಯಲ್ಲಿ ಸೋಂಕು ತಗಲಿ 1932ರಲ್ಲಿ ತೀರಿಕೊಂಡನು. ಯುದ್ಧಕಾಲದಲ್ಲಿ, 1941ರ ಫೆಬ್ರವರಿಯಲ್ಲಿ, ತಂದೆಯೂ ದೈವಾಧೀನರಾದರು. ಇಪ್ಪತ್ತೊಂದು ತುಂಬುವ ಮುನ್ನವೇ ಆ ತರುಣನಿಗೆ ತನ್ನವರೆಂಬುವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಕುಟುಂಬವನ್ನು ಕುರಿತು ಧರ್ಮಸಭೆಗೆ ಅಷ್ಟೊಂದು ಬೋಧಿಸಿದವರು ಸ್ವತಃ ಮನೆಯಿಲ್ಲದವರಾಗಿದ್ದರೆಂಬ ಸಂಗತಿಯನ್ನು ನಾವು ಮರೆಯಲಾಗದು.

1946ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರಿಗೆ ಗುರುದೀಕ್ಷೆಯಾಯಿತು. ರೋಮಿನಲ್ಲಿ ವ್ಯಾಸಂಗ ಮುಗಿಸಿ ಹಿಂದಿರುಗಿದ ಮೇಲೆ, 1949ರಲ್ಲಿ ಕ್ರಾಕೋವ್ ನಗರದ ಸಂತ ಫ್ಲೋರಿಯಾನರ ದೇವಾಲಯಕ್ಕೆ ಸಹಾಯಕ ಗುರುವಾಗಿ ನೇಮಕಗೊಂಡರು. ಆಗ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತ. ಕಥೋಲಿಕ ಯುವಜನ ಸಂಘಗಳಿಗೆ ಅವಕಾಶವಿರಲಿಲ್ಲ. ದೇವಾಲಯದ ಗೋಡೆಯ ಹೊರಗೆ ಗುರುವೊಬ್ಬನು ಯುವಜನರನ್ನು ಕೂಡಿಸಿ ನಡೆಸುವುದು ಅಪಾಯದ ಕೆಲಸವೇ ಆಗಿತ್ತು. ಧರ್ಮವು ದೇವಾಲಯದೊಳಗೆ ಇರಲಿ, ಜನರ ಬದುಕು, ದುಡಿಮೆ, ವಿರಾಮಗಳು ತನ್ನ ಸ್ವತ್ತಾಗಿರಲಿ ಎಂಬುದು ಆ ಸರಕಾರದ ಧೋರಣೆ.

ವೊಯ್ತಿವಾ ಸ್ವಾಮಿಗಳು ಇದಕ್ಕೆ ಘೋಷಣೆಯಿಂದ ಉತ್ತರ ಕೊಡಲಿಲ್ಲ. ವಿಶ್ವವಿದ್ಯಾಲಯದ ಯುವಕ ಯುವತಿಯರೊಡನೆ ನಿಲುವಂಗಿ ಕಳಚಿಟ್ಟು ಸಾಮಾನ್ಯ ಉಡುಪಿನಲ್ಲಿ ಬೆಟ್ಟ ಹತ್ತಲು ಹೊರಟರು. ಗುರುವೆಂದು ಹೊರಗಿನವರಿಗೆ ಗೊತ್ತಾಗದಿರಲೆಂದು ಆ ಮಕ್ಕಳು ಅವರನ್ನು 'ವುಯೆಕ್' ಎಂದು ಕರೆಯತೊಡಗಿದರು. ಪೋಲಿಷ್ ಭಾಷೆಯಲ್ಲಿ ಇದು ಮೂಲತಃ ತಾಯಿಯ ಸಹೋದರನನ್ನು ಪ್ರೀತಿಯಿಂದ ಕರೆಯುವ ಮಾತು. ಸೋದರಮಾವನೆಂದರೆ ಏನೆಂಬುದನ್ನು ಕನ್ನಡ ನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ತಂದೆಗೆ ಹೇಳಲಾಗದ್ದನ್ನು ಮಕ್ಕಳು ಹೇಳಿಕೊಳ್ಳುವುದು ಅವನಲ್ಲಿ. ಮದುವೆಯ ಮಾತುಕತೆಯಲ್ಲಿ ಮುಂದಾಗಿ ನಿಲ್ಲುವವನೂ ಅವನೇ. ಪೊಲೀಸರ ಕಣ್ಣು ತಪ್ಪಿಸಲು ಹುಟ್ಟಿದ ಹೆಸರು ದೈವಕೃಪೆಯಿಂದ ಆ ಗುರುವಿನ ಸೇವೆಯ ನಿಜವಾದ ಹೆಸರಾಯಿತು.

ಈ ಬಳಗದಲ್ಲಿ ಯೆಜಿ ಚೆಶೆಲ್ಸ್ಕಿ ಎಂಬ ತರುಣ ಎಂಜಿನಿಯರ್ ಇದ್ದರು. ಬೆಟ್ಟಗಳಿಂದ ಸ್ವಾಮಿಗಳನ್ನು ನೀರಿನ ಕಡೆಗೆ ಸೆಳೆದವರು ಅವರೇ. 1953ರಲ್ಲಿ ಬ್ರ್ದಾ ನದಿಯ ಮೇಲೆ ಬಳಗದ ಮೊದಲನೆಯ ದೋಣಿಯಾತ್ರೆ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್ 25ರಂದು ಪೋಲೆಂಡಿನ ಧರ್ಮಸಭೆಯ ಮುಖ್ಯಸ್ಥರಾದ ಕಾರ್ಡಿನಲ್ ವಿಶಿನ್ಸ್ಕಿಯವರನ್ನು ಸರಕಾರ ಬಂಧಿಸಿತು. 1956ರ ಅಕ್ಟೋಬರ್ ತನಕ ಅವರು ಬಂಧನದಲ್ಲಿದ್ದರು. ಆ ಕಾಲವನ್ನು ನೆನಪಿಟ್ಟುಕೊಂಡು ನೋಡಿದರೆ, ನದಿಯಲ್ಲಿ ತೇಲಿದ ಆ ಕೆಲವು ದೋಣಿಗಳು ಬರಿಯ ವಿಹಾರದ ದೋಣಿಗಳಾಗಿ ತೋರುವುದಿಲ್ಲ.

ಮುಂದಿನ ಬೇಸಿಗೆಗಳಲ್ಲಿ ಬಳಗವು ದೇಶದ ಉತ್ತರ ಭಾಗದ ಮಸೂರಿಯ ಸರೋವರಗಳಿಗೂ ಹೋಯಿತು. ಪುರಾತನ ಹಿಮರಾಶಿಗಳು ಕರಗಿ ಹಿಂಜರಿದಾಗ ಉಂಟಾದ ತಗ್ಗುಗಳಲ್ಲಿ ನೀರು ನಿಂತು ರೂಪುಗೊಂಡ ಆ ಪ್ರದೇಶವನ್ನು ಸಹಸ್ರ ಸರೋವರಗಳ ನಾಡೆಂದು ಕರೆಯುತ್ತಾರೆ. ಸುತ್ತಲೂ ಪೈನ್ ಮರಗಳ ಕಾಡು, ನಡುವೆ ಒಂದು ಸರೋವರದಿಂದ ಇನ್ನೊಂದಕ್ಕೆ ಹರಿಯುವ ಸಣ್ಣ ಹೊಳೆಗಳು. ಮಡಚಿ ಒಯ್ಯಬಹುದಾದ ಹಗುರ ದೋಣಿಗಳು, ಬಟ್ಟೆಯ ಗುಡಾರಗಳು, ಸೌದೆಯ ಒಲೆ, ಒಂದೆರಡು ಪಾತ್ರೆಗಳು: ಇಷ್ಟೇ ಸಲಕರಣೆ. ಯುದ್ಧದಲ್ಲಿ ಬಡವಾಗಿದ್ದ ದೇಶದ ಬಡ ಸಂಸಾರಗಳಿಗೆ ಅದಕ್ಕಿಂತ ಹೆಚ್ಚಿನ ವಿಲಾಸ ಸಾಧ್ಯವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಲ್ಲಿ ದಿನವು ಬಲಿಪೂಜೆಯಿಂದ ಆರಂಭವಾಗುತ್ತಿತ್ತು. ದೋಣಿಯೊಂದನ್ನು ದಡಕ್ಕೆಳೆದು ಬೋರಲು ಹಾಕಿದರೆ ಅದೇ ಬಲಿಪೀಠ. ಎರಡು ಹುಟ್ಟುಗಳನ್ನು ಅಡ್ಡಲಾಗಿ ಕಟ್ಟಿ ನೆಟ್ಟರೆ ಅದೇ ಶಿಲುಬೆ. ನೀರಿನ ಮೇಲೆ ಹೊತ್ತು ತಂದ ದೋಣಿಯೇ ದೇವರ ಮೇಜಾಗುವುದನ್ನೂ, ದಿನವಿಡೀ ಕೈಯಲ್ಲಿ ದುಡಿದ ಹುಟ್ಟೇ ಪ್ರಭುವಿನ ಶಿಲುಬೆಯಾಗುವುದನ್ನೂ ಕಂಡ ಮಕ್ಕಳಿಗೆ, ವಿಶ್ವಾಸ ಬೇರೆ ಬದುಕು ಬೇರೆ ಎಂದು ಯಾವ ಸರಕಾರ ತಾನೇ ಕಲಿಸೀತು? ಪೂಜೆಯ ನಂತರ ಪ್ರಯಾಣ. ಸ್ವಾಮಿಗಳದು ಇಬ್ಬರು ಕೂರುವ ದೋಣಿ. ದಿನಕ್ಕೊಬ್ಬರಂತೆ ಒಬ್ಬೊಬ್ಬರು ಅವರೊಡನೆ ಕುಳಿತು ಹುಟ್ಟು ಹಾಕುತ್ತಾ ಮನಸ್ಸು ಬಿಚ್ಚಿ ಮಾತನಾಡುತ್ತಿದ್ದರು. ಸಂಜೆ ಬೆಂಕಿಯ ಸುತ್ತ ಹಾಡು, ಹರಟೆ, ಪ್ರಾರ್ಥನೆ.

ಕಾಲಕ್ರಮದಲ್ಲಿ ಆ ತರುಣ ತರುಣಿಯರು ವಿವಾಹವಾದರು. ಸ್ವಾಮಿಗಳೇ ಅನೇಕರ ವಿವಾಹವನ್ನು ಆಶೀರ್ವದಿಸಿದರು, ಅವರ ಮಕ್ಕಳಿಗೆ ಸ್ನಾನದೀಕ್ಷೆ ಕೊಟ್ಟರು. ವಿದ್ಯಾರ್ಥಿಗಳ ಗುಂಪು ಕುಟುಂಬಗಳ ಬಳಗವಾಯಿತು. ಗುಡಾರಗಳ ನಡುವೆ ಮಕ್ಕಳ ಅಳು ನಗು ಕೇಳತೊಡಗಿತು. ಸ್ವಾಮಿಗಳು ಆಗ ಪ್ರೇಮ, ದಾಂಪತ್ಯ, ಹೊಣೆಗಾರಿಕೆಗಳನ್ನು ಕುರಿತು ಒಂದು ಗ್ರಂಥವನ್ನು ಬರೆಯುತ್ತಿದ್ದರು. ಅದರ ಕರಡನ್ನು ಈ ಪ್ರವಾಸಗಳಿಗೆ ತಂದು, ಮದುವೆಯಾದವರ ಮತ್ತು ಆಗಲಿದ್ದವರ ಮುಂದಿಟ್ಟು, ಅವರ ಅಭಿಪ್ರಾಯ ಕೇಳಿದರು. ಆ ಗ್ರಂಥ 'ಪ್ರೀತಿ ಮತ್ತು ಹೊಣೆಗಾರಿಕೆ' ಎಂಬ ಅರ್ಥದ ಹೆಸರಿನಿಂದ 1960ರಲ್ಲಿ ಪ್ರಕಟವಾಯಿತು. ಗುರುವು ಕುಟುಂಬಗಳಿಗೆ ಬೋಧಿಸುವುದು ಲೋಕರೂಢಿ. ಕುಟುಂಬಗಳಿಂದ ಗುರುವು ಕಲಿತುದರ ಫಲ ಈ ಗ್ರಂಥ.

1958ರ ಆಗಸ್ಟ್ ತಿಂಗಳಿನ ಒಂದು ಘಟನೆ ಇಲ್ಲಿ ಉಲ್ಲೇಖಾರ್ಹ. ಬಳಗವು ಲಿನಾ ನದಿಯಲ್ಲಿ ಸಾಗುತ್ತಿದ್ದಾಗ, ಕೂಡಲೇ ವಾರ್ಸಾಕ್ಕೆ ಬರಬೇಕೆಂದು ಕಾರ್ಡಿನಲ್ ವಿಶಿನ್ಸ್ಕಿಯವರಿಂದ ಕರೆ ಬಂದಿತು. ಸ್ವಾಮಿಗಳು ಸ್ವಲ್ಪ ದೂರ ದೋಣಿಯಲ್ಲಿ, ಮುಂದೆ ಹಿಟ್ಟಿನ ಮೂಟೆ ತುಂಬಿದ ಲಾರಿಯಲ್ಲಿ, ಬಳಿಕ ರಾತ್ರಿಯ ರೈಲಿನಲ್ಲಿ ಪ್ರಯಾಣ ಮಾಡಿದರು. ಜಗದ್ಗುರು ಹನ್ನೆರಡನೇ ಪಿಯೂಸರು ಅವರನ್ನು ಕ್ರಾಕೋವಿನ ಸಹಾಯಕ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದ್ದರು. ಆಗ ಅವರಿಗೆ ಮೂವತ್ತೆಂಟು ವರ್ಷ. ಒಪ್ಪಿಗೆಯಿತ್ತ ಮೇಲೆ ಅವರು ಕ್ರಾಕೋವಿಗೆ ಹೋಗಿ ಮಹಾಧರ್ಮಾಧ್ಯಕ್ಷ ಬಾಜ್ಯಾಕರನ್ನು ಕಂಡು, ಸರೋವರದಲ್ಲಿರುವ ತಮ್ಮವರ ಬಳಿಗೆ ಮರಳಲು ಅನುಮತಿ ಬೇಡಿದರು. ಇನ್ನು ಅದು ಉಚಿತವಲ್ಲವೆಂದು ಹಿರಿಯರು ಹೇಳಿದರು. ಅವರು ಎದುರಾಡಲಿಲ್ಲ. ಫ್ರಾನ್ಸಿಸ್ಕನ್ ದೇವಾಲಯಕ್ಕೆ ಹೋಗಿ ಶಿಲುಬೆಯ ಹಾದಿಯನ್ನು ಧ್ಯಾನಿಸಿದರು. ಅನಂತರ ಹಿಂದಿರುಗಿ ಅದೇ ಬೇಡಿಕೆಯನ್ನು ವಿನಯದಿಂದ ಮತ್ತೆ ಮುಂದಿಟ್ಟರು. ಈ ಸಲ ಅನುಮತಿ ದೊರೆಯಿತು. ಅಭಿಷೇಕದ ವೇಳೆಗೆ ತಪ್ಪದೆ ಬರಬೇಕೆಂಬ ಮಾತು ಮಾತ್ರ ಜೊತೆಗಿತ್ತು. ಅಂದು ಸಂಜೆಯೇ ಅವರು ರೈಲು ಹತ್ತಿ ಗುಡಾರಗಳಿಗೆ ಮರಳಿದರು. ಇನ್ನು ತಮ್ಮನ್ನು ಏನೆಂದು ಕರೆಯಬೇಕೆಂದು ಬಳಗದವರು ಕೇಳಿದಾಗ, 'ವುಯೆಕ್' ವುಯೆಕ್ ಆಗಿಯೇ ಉಳಿಯುವನೆಂದು ತಿಳಿಸಿದರಂತೆ. 1958ರ ಸೆಪ್ಟೆಂಬರ್ 28ರಂದು ವಾವೆಲ್ ಪ್ರಧಾನಾಲಯದಲ್ಲಿ ಅವರಿಗೆ ಅಭಿಷೇಕವಾಯಿತು.

ಇದು ಸುಖದ ದಿನಗಳ ಕಥೆ ಮಾತ್ರವಾಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ದೋಣಿಯಾತ್ರೆಯ ಹಾದಿ ತೋರಿದ ಚೆಶೆಲ್ಸ್ಕಿಯವರು ಮೂರು ಮಕ್ಕಳ ತಂದೆಯಾಗಿದ್ದರು. ಸುಡಾನ್ ದೇಶದ ಖಾರ್ಟೂಮಿನಲ್ಲಿ ಅಧ್ಯಾಪನಕ್ಕಾಗಿ ಹೋಗಿದ್ದಾಗ, 1970ರ ಅಕ್ಟೋಬರ್ 9ರಂದು, ಅವರಿದ್ದ ಹಡಗು ನೈಲ್ ನದಿಯಲ್ಲಿ ಮುಳುಗಿತು. ಅವರೂ ಇಬ್ಬರು ಮಕ್ಕಳೂ ನೀರುಪಾಲಾದರು. ಒಬ್ಬ ಮಗಳು ಮಾತ್ರ ಬದುಕುಳಿದಳು. ಯಾವ ನೀರು ಆ ಕುಟುಂಬಕ್ಕೆ ಆನಂದವನ್ನು ಕೊಟ್ಟಿತ್ತೋ ಆ ನೀರೇ ಅವರನ್ನು ಒಯ್ದಿತು. ಅಷ್ಟರಲ್ಲಿ ಕಾರ್ಡಿನಲ್ ಆಗಿದ್ದ ವೊಯ್ತಿವಾ ಸ್ವಾಮಿಗಳು ಗೆಳೆಯನನ್ನು ಕುರಿತು ಸ್ಮರಣ ಲೇಖನ ಬರೆದರು. ವಿವಾಹ ಜೀವನವನ್ನೇ ಪಾವನತೆಯ ಹಾದಿಯೆಂದು ಬಾಳಿದ ಈ ಗೃಹಸ್ಥರನ್ನು 2013ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಪೂಜ್ಯರೆಂದು ಸಾರಿದರು. ದುಃಖದ ದಿನ ಬಂದಾಗ ಕುಟುಂಬವನ್ನು ಎತ್ತಿ ನಿಲ್ಲಿಸುವುದು ಸುಖದ ದಿನಗಳಲ್ಲಿ ಒಟ್ಟಾಗಿ ಮೊಣಕಾಲೂರಿದ ಅಭ್ಯಾಸವೇ ಹೊರತು ಬೇರೆಯಲ್ಲ. ಸಾವಿನ ಮನೆಗಳಲ್ಲಿ ಕುಳಿತೆದ್ದ ಅನುಭವದಿಂದ ಈ ಮಾತನ್ನು ಹೇಳುತ್ತಿದ್ದೇನೆ.

ಕಾರ್ಡಿನಲರ ಕೊನೆಯ ದೋಣಿಯಾತ್ರೆ 1978ರ ಜುಲೈ ತಿಂಗಳಲ್ಲಿ ನಡೆಯಿತು. ಅದೇ ವರ್ಷದ ಅಕ್ಟೋಬರ್ 16ರಂದು ಅವರು ಸಂತ ಪೇತ್ರರ ಪೀಠಕ್ಕೆ ಆಯ್ಕೆಯಾದರು. ಸರೋವರದ ದಡದಲ್ಲಿ ಕಲಿತದ್ದನ್ನು ಅವರು ಮರೆಯಲಿಲ್ಲ. 1980ರಲ್ಲಿ ಧರ್ಮಾಧ್ಯಕ್ಷರ ಸಿನೋದ್ ಕುಟುಂಬದ ವಿಷಯವನ್ನೇ ಚರ್ಚಿಸಿತು. 1981ರ ನವೆಂಬರ್ 22ರಂದು ಕ್ರೈಸ್ತ ಕುಟುಂಬವನ್ನು ಕುರಿತ ಪ್ರೇಷಿತ ಬೋಧನಾಪತ್ರವನ್ನು ಅವರು ಹೊರಡಿಸಿದರು. ಕುಟುಂಬವು ಗೃಹ ಧರ್ಮಸಭೆಯೆಂಬ ಎರಡನೇ ವ್ಯಾಟಿಕನ್ ಮಹಾಸಭೆಯ ಮಾತಿಗೆ ಅಲ್ಲಿ ವಿಸ್ತಾರವಾದ ವಿವರಣೆ ದೊರೆಯಿತು. 1999ರ ಜೂನ್ ತಿಂಗಳಲ್ಲಿ, ವೃದ್ಧಾಪ್ಯದಿಂದ ಬಳಲಿದ್ದ ಜಗದ್ಗುರುಗಳು ಪೋಲೆಂಡಿನ ವಿಗ್ರಿ ಸರೋವರದ ಬಳಿ ತಂಗಿ, ಹಡಗಿನಲ್ಲಿ ಸ್ತುಜೆನಿಚ್ನಾ ಎಂಬಲ್ಲಿಯ ಮರಿಯಮ್ಮನವರ ಪುಣ್ಯಕ್ಷೇತ್ರಕ್ಕೆ ಹೋದರು. ಹಿಂದೆ ಅನೇಕ ಸಲ ಬಂದಿದ್ದರೂ ಜಗದ್ಗುರುವಾಗಿ ಬಂದದ್ದು ಮೊದಲ ಸಲ, ಬಹುಶಃ ಕೊನೆಯ ಸಲವೂ ಹೌದೆಂದು ಅಲ್ಲಿ ನುಡಿದರು. 2005ರ ಏಪ್ರಿಲ್ 2ರಂದು ಅವರು ಪ್ರಭುವಿನ ಬಳಿಗೆ ತೆರಳಿದರು. 2014ರ ಏಪ್ರಿಲ್ 27ರಂದು ಅವರಿಗೆ ಸಂತ ಪದವಿ ದೊರೆತಾಗ, ಜಗದ್ಗುರು ಫ್ರಾನ್ಸಿಸರು ಅವರನ್ನು ಕುಟುಂಬದ ಜಗದ್ಗುರುವೆಂದೇ ಸ್ಮರಿಸಿದರು.

ಮಂಗಳೂರಿನಲ್ಲಿ ಆ ದಿನ ಜನಸಾಗರದ ನಡುವೆ ನಿಂತಿದ್ದ ಗುರುಮಠದ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ದೂರದಲ್ಲಿ ಬಿಳಿಯ ನಿಲುವಂಗಿಯೊಂದು ಕಂಡಿತು. ನನಗೆ ಕಂಡದ್ದು ಜಗದ್ಗುರುವಿನ ಮಹಿಮೆ ಮಾತ್ರ. ಆ ನಿಲುವಂಗಿಯ ಹಿಂದೆ ಗುಡಾರದ ಮುಂದೆ ಮಕ್ಕಳೊಡನೆ ಕುಳಿತ ಸೋದರಮಾವನೊಬ್ಬ ಇದ್ದನೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ಈ ತಡವನ್ನು ಮುಚ್ಚಿಟ್ಟುಕೊಳ್ಳುವುದು ಗುರುವಿಗೆ ತಕ್ಕುದಲ್ಲ. ಮನೆಗಳನ್ನು ಆಶೀರ್ವದಿಸಲು, ರೋಗಿಗಳಿಗೆ ಅಭ್ಯಂಗ ಕೊಡಲು, ವಂತಿಗೆ ಕೇಳಲು ನಾನು ಅನೇಕ ಹೊಸ್ತಿಲುಗಳನ್ನು ದಾಟಿದ್ದೇನೆ; ಯಾವ ಕೆಲಸವೂ ಇಲ್ಲದೆ ಒಂದು ಕುಟುಂಬದೊಡನೆ ಸುಮ್ಮನೆ ಒಂದು ಸಂಜೆ ಕುಳಿತದ್ದು ವಿರಳ. ನೋಂದಣಿ ಪುಸ್ತಕದಲ್ಲಿ ಎಲ್ಲರ ಹೆಸರನ್ನೂ ಬಲ್ಲ ಗುರುವು ಅವರ ಬೇಸರ, ಭಯ, ಬಯಕೆಗಳನ್ನು ಅರಿಯದೆ ಇರಬಹುದು. ಅದು ನನ್ನ ಕೊರತೆ.

ನಮ್ಮ ಬೇಸಿಗೆಗಳೂ ಒಂದು ಕಾಲದಲ್ಲಿ ಹೀಗೆಯೇ ಸರಳವಾಗಿದ್ದವು. ಶಾಲೆ ಮುಚ್ಚಿದೊಡನೆ ಅಜ್ಜಿಯ ಮನೆ. ಅಲ್ಲಿ ಕೆರೆಯ ಈಜು, ಮಾವು ಹಲಸು, ಸಂಜೆಯಾದರೆ ದೀಪದ ಮುಂದೆ ಜಪಸರ. ನಿದ್ದೆಗಣ್ಣಿನಲ್ಲಿ ತೂಕಡಿಸುತ್ತಾ ಕಲಿತ ಆ ಪ್ರಾರ್ಥನೆಗಳೇ ಇಂದಿಗೂ ನನ್ನ ನಾಲಗೆಗೆ ಮೊದಲು ಬರುತ್ತವೆ, ಗುರುಮಠದಲ್ಲಿ ಕಲಿತವಲ್ಲ. ಇಂದು ರಜೆಯ ದಿನ ಬಂದರೆ ಮನೆಮಂದಿ ಒಂದೇ ಕೋಣೆಯಲ್ಲಿದ್ದರೂ ಒಬ್ಬೊಬ್ಬರ ಕಣ್ಣು ಒಂದೊಂದು ಪರದೆಯ ಮೇಲೆ. ಯಾವ ಸರಕಾರವೂ ನಮ್ಮ ವಿರಾಮದಿಂದ ದೇವರನ್ನು ಹೊರಗೆ ಹಾಕಲಿಲ್ಲ. ಅದನ್ನು ನಾವೇ ಮಾಡಿಕೊಂಡಿದ್ದೇವೆ.

ಯೇಸುಸ್ವಾಮಿ ತಮ್ಮ ಮೊದಲ ಶಿಷ್ಯರನ್ನು ಕರೆದದ್ದು ಸರೋವರದ ದಡದಲ್ಲಿ, ಬಲೆ ದೋಣಿಗಳ ನಡುವೆ. ದಣಿದ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ಹೋಗಿ ವಿಶ್ರಮಿಸಲು ಕರೆದವರೂ ಅವರೇ. ಪುನರುತ್ಥಾನರಾದ ಮೇಲೆ ಅದೇ ಸರೋವರದ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ತಮ್ಮವರನ್ನು ಬೆಳಗಿನ ಊಟಕ್ಕೆ ಕರೆದರು. ವಿಶ್ರಾಂತಿಯೂ ಊಟವೂ ಪ್ರಭುವಿಗೆ ಪರಕೀಯವಾದ ವಿಷಯಗಳಲ್ಲ.

ಆದುದರಿಂದ ಪ್ರಿಯ ಕುಟುಂಬಗಳೇ, ಈ ಶತಮಾನೋತ್ಸವದ ವರ್ಷದಲ್ಲಿ ನಿಮ್ಮನ್ನು ಕೇಳಿಕೊಳ್ಳುವುದು ದೊಡ್ಡದೇನೂ ಅಲ್ಲ. ವರ್ಷದಲ್ಲಿ ಕೆಲವು ದಿನಗಳನ್ನಾದರೂ ಬುತ್ತಿ ಕಟ್ಟಿಕೊಂಡು ಕೆರೆಯ ದಂಡೆಗೋ, ಹೊಳೆಯ ಬದಿಗೋ, ಹಳೆಯ ಮನೆಗೋ ಒಟ್ಟಾಗಿ ಹೋಗಿರಿ. ಅಲ್ಲಿ ಮಕ್ಕಳ ಮಾತಿಗೆ ಕಿವಿಗೊಡಿರಿ. ಮರಳುವ ಮುನ್ನ ಒಂದು ಸಲ ಒಟ್ಟಾಗಿ ಕೈಮುಗಿಯಿರಿ. ಕರೆದರೆ ನಾನೂ ಬರುತ್ತೇನೆ. ವಂತಿಗೆಯ ಪುಸ್ತಕವನ್ನು ತರುವುದಿಲ್ಲ. ನೂರು ವರ್ಷಗಳ ಹಿಂದೆ ಈ ಧರ್ಮಕೇಂದ್ರವನ್ನು ತಮ್ಮ ಮನೆಗಳಲ್ಲಿ ಮೊದಲು ಕಟ್ಟಿ ಅನಂತರ ಕಲ್ಲಿನಲ್ಲಿ ಕಟ್ಟಿದ ಹಿರಿಯರ ಪ್ರಾರ್ಥನೆ ನಮ್ಮ ಮೇಲಿರಲಿ. ನಜರೇತಿನ ಪವಿತ್ರ ಕುಟುಂಬವು ನಿಮ್ಮೆಲ್ಲರ ಮನೆಗಳನ್ನು ಕಾಪಾಡಲಿ.