ಚಿತ್ರ ಬಾರದ ಕಂಪ್ಯೂಟರ್: ನಮ್ಮ ಶಾಲೆಗಳಿಗೆ ಬಂದ ಮೊದಲ ಯಂತ್ರದ ಕಥೆ



ನಮ್ಮ ಜೇಬಿನಲ್ಲಿರುವ ಮೊಬೈಲಿಗೆ ಒಬ್ಬ ಹಿರಿಯಣ್ಣನಿದ್ದಾನೆ. ಅವನ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಎಂಬ ಚಿಕ್ಕ ಕಂಪನಿ 1981ರ ಡಿಸೆಂಬರ್‌ನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಜನರಿಗೆ ಟಿವಿ ಮೂಲಕ ಕಂಪ್ಯೂಟರ್ ಕಲಿಸಲು ಬಿಬಿಸಿ ಹೊರಟಿತ್ತು. ಆ ಪಾಠಕ್ಕೆ ಜೊತೆಯಾಗಿ ಬಂದದ್ದೇ ಈ ಯಂತ್ರ. ಅದರ ಮೆಮೊರಿ ಬರೀ 32 ಕೆಬಿ. ಇಂದು ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

1984ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಆರಂಭಿಸಿತು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವುದು ಅದರ ಗುರಿ. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂತು. ಮೊಹಾಲಿಯ ಸರ್ಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದೇ ಯಂತ್ರವನ್ನು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಇಲ್ಲಿಯೂ ತಯಾರಿಸಿತು.

ಯಂತ್ರ ಬರುವುದು ಒಂದು, ನಡೆಯುವುದು ಇನ್ನೊಂದು. ಕೆಟ್ಟರೆ ನೋಡುವವರು ಯಾರು? ನಮ್ಮ ತಾಳವಾಡಿ ಸೀಮೆಯವರಿಗೆ ಈ ಪ್ರಶ್ನೆಯ ಭಾರ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಿಡಿಭಾಗ ಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು, ಇಲ್ಲವೇ ಆ ಕಡೆ ಚಾಮರಾಜನಗರಕ್ಕೆ. ರಿಪೇರಿ ಬಲ್ಲವರು ದೂರವಿದ್ದಾಗ ಸಣ್ಣ ದೋಷವೂ ಯಂತ್ರದ ಮರಣಪತ್ರ ಆಗಿಬಿಡುತ್ತದೆ. "ಸ್ಕ್ರೀನ್ ಬರ್ತಿಲ್ಲ" ಎಂದ ಕೂಡಲೇ ಅದನ್ನು ಬಟ್ಟೆ ಮುಚ್ಚಿ ಮೂಲೆಗೆ ಸೇರಿಸುತ್ತೇವೆ.

ಆದರೆ ಚಿತ್ರ ಬಾರದಿದ್ದರೆ ಕಂಪ್ಯೂಟರ್ ಸತ್ತಿದೆ ಎಂದೇನೂ ಅರ್ಥವಲ್ಲ. ಮೊದಲ ಕಾರಣ ಪೆಟ್ಟಿಗೆಯ ಹೊರಗೇ ಇರಬಹುದು. ಬಿಬಿಸಿ ಮೈಕ್ರೋ ಟಿವಿಗೆ ಸಂಕೇತ ಕಳಿಸುವುದು ಬ್ರಿಟನ್ನಿನ ಪದ್ಧತಿಯಂತೆ ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ. ನಮ್ಮ ದೂರದರ್ಶನ ಆಗ ಬರುತ್ತಿದ್ದದ್ದು ವಿಎಚ್‌ಎಫ್‌ನಲ್ಲಿ. ತಿರುಗಿಸುವ ಗುಂಡಿಯ ಹಳೇ ಟಿವಿಗೆ ಆಂಟೆನಾ ವೈರಿನಿಂದ ಜೋಡಿಸಿದರೆ ಯಂತ್ರ ಸರಿಯಿದ್ದರೂ ತೆರೆಯಲ್ಲಿ ಬರೀ ಚುಕ್ಕಿ ಕಾಣುತ್ತದೆ. ಅದಕ್ಕೆ ಹಿಂಬದಿಯ ವಿಡಿಯೋ ಔಟ್‌ನಿಂದ ಮಾನಿಟರ್‌ಗೆ ಕೊಟ್ಟು ನೋಡಬೇಕು.

ಆಗಲೂ ಬರಲಿಲ್ಲವೇ? ಕಣ್ಣು ಬಿಟ್ಟು ಕಿವಿ ಕೊಡಿ. ಈ ಯಂತ್ರದ ಧ್ವನಿ ಚಿಪ್ ಕರೆಂಟು ಬಂದ ಕ್ಷಣವೇ ತಾನಾಗಿ ಗುಂಯ್‌ಗುಟ್ಟಲು ಶುರುಮಾಡುತ್ತದೆ. ಒಳಗಿನ ಪ್ರೋಗ್ರಾಂ ಎದ್ದು ಅದನ್ನು ಸುಮ್ಮನಾಗಿಸಿ, "ನಾನು ರೆಡಿ" ಎಂಬಂತೆ ಒಂದು ಚಿಕ್ಕ 'ಬೀಪ್' ಹೊಡೆಯುತ್ತದೆ. ಎರಡೂ ಸದ್ದು ಕೇಳಿದರೆ ಪ್ರೊಸೆಸರ್ ಬದುಕಿದೆ, ತೊಂದರೆ ಚಿತ್ರದ ಕಡೆ ಇದೆ. ಮೊದಲ ಸದ್ದು ನಿಲ್ಲದೆ ಎಳೆಯುತ್ತಲೇ ಇದ್ದರೆ ಪ್ರೋಗ್ರಾಂ ಎದ್ದೇ ಇಲ್ಲ. ಪ್ರೊಸೆಸರ್, ರಾಮ್, ರೋಮ್ ನೋಡಬೇಕು. ಏನೂ ಸದ್ದಿಲ್ಲದಿದ್ದರೆ ಮೊದಲು ಪವರ್ ಸಪ್ಲೈ. ಬೋರ್ಡಿಗೆ ಬರುವ ಕೆಂಪು ವೈರುಗಳಲ್ಲಿ ಪ್ರತಿಯೊಂದರಲ್ಲೂ 5 ವೋಲ್ಟ್ ಇದೆಯೇ ಎಂದು ಮೀಟರ್ ಇಟ್ಟು ಅಳೆಯಬೇಕು.

ಬೀಪ್ ಬಂದು ತೆರೆ ಕಪ್ಪಾಗಿದ್ದರೆ ಇನ್ನೊಂದು ಪರೀಕ್ಷೆ ಇದೆ. ತೆರೆ ನೋಡದೆ ವಿಡಿಯು 7 ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ರಿಟರ್ನ್ ಒತ್ತಿ. ಬೀಪ್ ಎಂದರೆ ಕೀಬೋರ್ಡ್ ಕೂಡ ಸರಿಯಿದೆ. ನಂತರ ಮೋಡ್ 0 ಎಂದು ಟೈಪ್ ಮಾಡಿ. ಯಂತ್ರ ಎದ್ದಾಗ ಇರುವುದು ಮೋಡ್ 7; ಆ ಮೋಡ್‌ನ ಅಕ್ಷರಗಳನ್ನು ಬರೆಯಲು ಮಾತ್ರ ಒಂದು ಪ್ರತ್ಯೇಕ ಚಿಪ್ ಇದೆ. ಮೋಡ್ 0ಗೆ ಅದು ಬೇಕಿಲ್ಲ. ಈಗ ಚಿತ್ರ ಬಂದರೆ ಕಳ್ಳ ಸಿಕ್ಕಿದ: ಆ ಒಂದು ಚಿಪ್, ಅಥವಾ ಅದರ ಸಾಕೆಟ್. ಮುಖ್ಯ ಚಿಪ್‌ಗಳಲ್ಲಿ ಹಲವು ಸಾಕೆಟ್‌ನಲ್ಲಿ ಕೂತಿವೆ. ಕಾಲಕ್ರಮೇಣ ಕಾಲುಗಳಿಗೆ ಕಿಲುಬು ಹಿಡಿಯುತ್ತದೆ. ಕರೆಂಟು ತೆಗೆದು, ನಿಧಾನವಾಗಿ ಬಿಚ್ಚಿ, ಒರೆಸಿ, ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕೆ ನೇರ ಕರೆಂಟು ಕೊಡಬೇಡಿ. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳ ಕವಚ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತದೆ. ಸ್ವಿಚ್ ಹಾಕಿದರೆ ದಟ್ಟ ಹೊಗೆ. ಮೊದಲು ಅವನ್ನು ಬದಲಾಯಿಸಬೇಕು. ಹಳೇ ಮಾನಿಟರ್ ಅನ್ನಂತೂ ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಈ ಎರಡು ಕೆಲಸ ಬಲ್ಲವರ ಕೈಗೇ ಬಿಡಿ.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಬಿಬಿಸಿ ಮೈಕ್ರೋ ಕಟ್ಟಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ ಆರ್ಮ್ ಪ್ರೊಸೆಸರ್ ರೂಪಿಸಿದರು. ಆ ಮೊದಲ ಚಿಪ್ 1985ರಲ್ಲಿ ಕೆಲಸ ಮಾಡಿತು. ಇಂದಿನ ಮೊಬೈಲುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದರ ವಂಶದವೇ. ನಮ್ಮಲ್ಲಿ ಮೊಹಾಲಿಯ ಚಿಪ್ ಕಾರ್ಖಾನೆ 1989ರ ಬೆಂಕಿಯಲ್ಲಿ ಸುಟ್ಟುಹೋಯಿತು. ಶಾಲೆಗಳಿಗೂ ನಂತರ ಪಿಸಿಗಳು ಬಂದವು, ಹಳೆಯವು ಮೂಲೆ ಸೇರಿದವು. ಅಲ್ಲಿ ಆದ ನಷ್ಟ ಯಂತ್ರಗಳದ್ದು ಮಾತ್ರವಲ್ಲ. ಬಿಚ್ಚಿ ನೋಡಿ, ಕಾರಣ ಹುಡುಕಿ, ಕೈಯಿಂದ ಸರಿಮಾಡುವ ಅಭ್ಯಾಸವೂ ಮೂಲೆ ಸೇರಿತು. ಇಂದಿನ ಮೊಬೈಲಿನಲ್ಲಿ ಚಿಪ್ ಬಿಚ್ಚಿ ಒರೆಸಲು ಸಾಕೆಟ್ಟೇ ಇಲ್ಲ.

ಹಾಗಾಗಿ ಗೆಳೆಯರೇ, ಶಾಲೆಯ ಅಥವಾ ಮನೆಯ ಅಟ್ಟ ಗುಡಿಸುವಾಗ ಇಂಥ ಪೆಟ್ಟಿಗೆ ಸಿಕ್ಕರೆ ತೂಕದ ಲೆಕ್ಕಕ್ಕೆ ಗುಜರಿಗೆ ಹಾಕಬೇಡಿ. ಹಳೇ ಮಾನಿಟರ್ ಗಾಜಿನಲ್ಲಿ ಸೀಸವಿದೆ. ಒಡೆದು ಹೊಲದ ಬದುವಿಗೆ ಎಸೆದರೆ ಆ ವಿಷ ಮಣ್ಣಿಗೂ ನೀರಿಗೂ ಸೇರುತ್ತದೆ. ಜೊತೆಗಿರುವ ಫ್ಲಾಪಿ, ಕ್ಯಾಸೆಟ್‌ಗಳನ್ನೂ ಎತ್ತಿಡಿ. ಆ ಕಾಲದ ಮೇಷ್ಟ್ರು ಬರೆದ ಪಾಠವೋ ಪ್ರೋಗ್ರಾಮೋ ಅದರಲ್ಲಿರಬಹುದು. ಅಂಥ ಹಿರಿಯ ಮೇಷ್ಟ್ರು ನಿಮ್ಮ ಊರಿನಲ್ಲಿದ್ದರೆ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ. ಯಂತ್ರ ರಿಪೇರಿಯಾಗಲು ಇನ್ನೂ ಹತ್ತು ವರ್ಷ ಕಾಯಬಹುದು, ಅವರ ನೆನಪು ಕಾಯುವುದಿಲ್ಲ.