ಫೋರ್ಡ್ ವಿ-8 ಎಂಜಿನಿನ ಉಸಿರು

1932ರಲ್ಲಿ ಹೆನ್ರಿ ಫೋರ್ಡರು ಸಾಮಾನ್ಯ ಗೃಹಸ್ಥನ ಕೈಗೆಟುಕುವ ಬೆಲೆಗೆ ವಿ-8 ಎಂಜಿನನ್ನು ಮಾರುಕಟ್ಟೆಗೆ ತಂದುದು ಅಮೆರಿಕದ ವಾಹನೋದ್ಯಮದಲ್ಲಿ ಮಹತ್ತರವಾದ ಘಟನೆ. ಆದರೆ ಕಾರಿಗೂ ರೈತನ ಪಿಕಪ್ಪಿಗೂ ಸಮಾನವಾಗಿ ಸಲ್ಲುತ್ತಿದ್ದ ಆ ಎಂಜಿನಿನಲ್ಲಿ ಅಡಗಿದ್ದ ಶಕ್ತಿಯನ್ನು ಹೊರಗೆಳೆದ ಕೀರ್ತಿಯ ಬಹುಪಾಲು ದಕ್ಷಿಣ ಕ್ಯಾಲಿಫೋರ್ನಿಯದ ಸಣ್ಣ ಗ್ಯಾರೇಜುಗಳಿಗೆ ಸಲ್ಲತಕ್ಕದ್ದು.

ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ಕುಗ್ಗಿ, ಹೊರಗಣ ಗಾಳಿಯು ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ವೇಗವಾಗಿ ಹಾಯುತ್ತ, ಜೆಟ್ಟಿನಿಂದ ಪೆಟ್ರೋಲನ್ನು ಸೆಳೆದುಕೊಂಡು, ಮ್ಯಾನಿಫೋಲ್ಡಿನ ಕವಲುದಾರಿಗಳ ಮೂಲಕ ಒಳಸೇರುವುದು. ಈ ಉಸಿರಾಟ ಸರಾಗವಾದಷ್ಟೂ ಎಂಜಿನಿನ ಬಲ ಹೆಚ್ಚು. ಇದಕ್ಕೆ ಫೋರ್ಡ್ ಕಂಪನಿಯೇ ಸಾಕ್ಷಿ ಒದಗಿಸಿತು: 221 ಘನ ಇಂಚಿನ ಆ ಎಂಜಿನು ಮೊದಲ ವರ್ಷ ನೀಡುತ್ತಿದ್ದುದು 65 ಅಶ್ವಶಕ್ತಿ, 1933ರಲ್ಲಿ ಅದು 75ಕ್ಕೇರಿ, ಮರುವರ್ಷ ಜೋಡಿ ಕೊರಳಿನ ಸ್ಟ್ರಾಂಬರ್ಗ್ ಕಾರ್ಬುರೇಟರೂ ಹೊಸ ಮ್ಯಾನಿಫೋಲ್ಡೂ ಬಂದೊಡನೆ 85ನ್ನು ಮುಟ್ಟಿತು. ಕೊರಳಿನ ವ್ಯಾಸ 0.97 ಇಂಚು ಇದ್ದುದರಿಂದ ‘97’ ಎಂದು ಹೆಸರಾದ ಸ್ಟ್ರಾಂಬರ್ಗು ಆ ದಶಕದಲ್ಲಿಯೇ ಬಂದು, ಮೆಕ್ಯಾನಿಕರ ಅಚ್ಚುಮೆಚ್ಚಿನದಾಯಿತು.

ಅವರಲ್ಲಿ ಒಬ್ಬರು ವಿಕ್ ಎಡೆಲ್‌ಬ್ರಾಕ್. ಪೇಟೆಯಲ್ಲಿ ದೊರೆಯುತ್ತಿದ್ದ ಮ್ಯಾನಿಫೋಲ್ಡುಗಳಿಂದ ತೃಪ್ತರಾಗದೆ, 1938ರಲ್ಲಿ ಎರಡು ಕಾರ್ಬುರೇಟರುಗಳನ್ನು ಕೂರಿಸಬಲ್ಲ ‘ಸ್ಲಿಂಗ್‌ಶಾಟ್’ ಎಂಬುದನ್ನು ತಾವೇ ರೂಪಿಸಿ, ದಿನನಿತ್ಯ ಓಡಿಸುತ್ತಿದ್ದ ತಮ್ಮ 1932ರ ಫೋರ್ಡಿಗೇ ಅದನ್ನು ಅಳವಡಿಸಿ, ಬತ್ತಿದ ಸರೋವರಗಳ ಬಯಲುಗಳಲ್ಲಿ ಪರೀಕ್ಷಿಸಿದರು. ತನ್ನ ವಾಹನದ ಮೇಲೆ ಪ್ರಯೋಗಿಸದುದನ್ನು ಪರರಿಗೆ ಮಾರದ ಈ ನಿಷ್ಠೆಯನ್ನು ನಾನು ಅವರ ವಿನ್ಯಾಸಕ್ಕಿಂತಲೂ ಮಿಗಿಲಾಗಿ ಗೌರವಿಸುತ್ತೇನೆ.

ಜೋಡಿ ಕಾರ್ಬುರೇಟರುಗಳನ್ನು ಹೊಂದಿಸುವುದು ಸಾಮಾನ್ಯ ಕೆಲಸವಲ್ಲ. ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಸರದಿಯಂತೆ ಎರಡರ ಬಾಯಿಗೂ ಹಿಡಿದು, ಗಾಳಿ ಎಳೆಯುವ ಸದ್ದು ಎರಡರಲ್ಲಿಯೂ ಒಂದೇ ಸಮವಾಗಿ ಕೇಳುವವರೆಗೆ ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ ಮೆಕ್ಯಾನಿಕನ ತಾಳ್ಮೆ ಸಂಗೀತಗಾರನ ಶ್ರುತಿಜ್ಞಾನಕ್ಕೆ ಕಡಮೆಯಾದುದಲ್ಲ. ಬಳಿಕ ವಾಹನವನ್ನು ಓಡಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು: ತಿಳಿಕಂದು ಬಣ್ಣವಿದ್ದರೆ ಮಿಶ್ರಣ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಕಡಮೆ.

ಆದರೆ ಓಟದ ಬಯಲಿಗೆ ಒಪ್ಪಿದುದೆಲ್ಲ ಪಿಕಪ್ಪಿಗೆ ಒಪ್ಪಲಿಲ್ಲ. ಹೊರೆ ಹೊತ್ತು ಮಂದಗತಿಯಲ್ಲಿ ಏರು ಹತ್ತುವ ವಾಹನಕ್ಕೆ ಅಗಲವಾದ ಕೊರಳನ್ನು ಕೊಟ್ಟರೆ, ಗಾಳಿಯ ವೇಗ ಕುಗ್ಗಿ, ಪೆಟ್ರೋಲು ಸೂಕ್ಷ್ಮ ಕಣಗಳಾಗಿ ಒಡೆಯದೆ ಮ್ಯಾನಿಫೋಲ್ಡಿನ ಗೋಡೆಯನ್ನು ತೋಯಿಸಿ, ಆಕ್ಸಿಲರೇಟರು ತುಳಿದೊಡನೆ ಎಂಜಿನು ಮುಗ್ಗರಿಸುವುದು. ಪಿಕಪ್ಪಿನ ಒಡೆಯನಿಗೆ ಬೇಕಾದುದು ಗರಿಷ್ಠ ವೇಗದ ಬಲವಲ್ಲ, ಕೆಳವೇಗದ ಎಳೆತ.

ಆದುದರಿಂದ ಹಳೆಯ ಪಿಕಪ್ಪನ್ನು ಉಳಿಸಿಕೊಂಡಿರುವವರು ಹೊಸ ಮ್ಯಾನಿಫೋಲ್ಡಿಗೆ ಹಣ ಸುರಿಯುವ ಮುನ್ನ, ಮೂಲ ಕಾರ್ಬುರೇಟರನ್ನು ಬಿಚ್ಚಿ ತೊಳೆದು, ಗ್ಯಾಸ್ಕೆಟ್ಟುಗಳನ್ನು ಬದಲಿಸಿ, ಗಾಳಿ ಸೋರುವ ಸಂದುಗಳನ್ನು ಮುಚ್ಚಿ, ಒಮ್ಮೆ ಹೊರೆಯೇರಿಸಿ ಓಡಿಸಿ ನೋಡುವುದು ಉಚಿತ.