ಬೀಡಿನ ಕಾವಲಿಯ ಕಥೆ

‘ಎಲ್ಲರ ಮನೆ ದೋಸೆ ತೂತಾದರೆ ನಮ್ಮ ಮನೆ ಕಾವಲಿಯೇ ತೂತು’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಕಾವಲಿಯ ಬೆಲೆ ನನಗೆ ತಿಳಿದದ್ದು ಅದನ್ನು ಕಳೆದುಕೊಂಡ ಮೇಲೆ.

ದೋಸೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ದ ಉಲ್ಲೇಖವಿದೆ. ಕಾವಲಿಗೆ ನಮ್ಮ ಕಡೆ ‘ಹಂಚು’ ಎಂದೂ ಹೆಸರು. ಮಾಡಿಗೆ ಹೊದಿಸುವುದೂ ಹಂಚೇ, ಒಲೆಯ ಮೇಲಿಡುವುದೂ ಹಂಚೇ! ಮಣ್ಣಿನ ಬಾಣಲೆಯ ಕಾಲವನ್ನು ಆ ಒಂದು ಪದ ಇಂದಿಗೂ ಕಾಪಾಡಿಕೊಂಡಿದೆ. ಅನಂತರ ಬಂದದ್ದು ಕಬ್ಬಿಣ. ಅದರಲ್ಲಿ ಎರಡು ಬಗೆ. ಕಮ್ಮಾರನು ಕಾಯಿಸಿ ಬಡಿದು ಮಾಡಿದ್ದು ಒಂದು. ಕರಗಿಸಿ ಅಚ್ಚಿಗೆ ಎರೆದ ಬೀಡು ಇನ್ನೊಂದು. ಬೀಡಿನಲ್ಲಿ ಇಂಗಾಲ ಶೇಕಡಾ 2ರಿಂದ 4ರಷ್ಟಿರುತ್ತದೆ. ಆದುದರಿಂದ ಅದು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತದೆ. ಆದರೆ ಕೈತಪ್ಪಿ ಬಿದ್ದರೆ ಒಡೆಯುತ್ತದೆ. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಇದ್ದಿಲಿನ ಕುಲುಮೆಯಲ್ಲಿ ಬೀಡು ಕಬ್ಬಿಣವನ್ನು ತಯಾರಿಸತೊಡಗಿತು.

1960ರ ದಶಕದಲ್ಲಿ ನಾವು ಹಳ್ಳಿಯನ್ನು ಬಿಟ್ಟು, ರಾಜಗೋಪಾಲಾಚಾರ್ಯರ ಹೆಸರು ಹೊತ್ತ ರಾಜಾಜಿನಗರಕ್ಕೆ ಬಂದಾಗ ಅಮ್ಮ ತಂದ ಸಾಮಾನುಗಳಲ್ಲಿ ಅವಳ ಅತ್ತೆಯ ಬೀಡಿನ ಕಾವಲಿಯೂ ಇತ್ತು. ಸೌದೆ ಒಲೆ ಹೋಗಿ ಸೀಮೆಎಣ್ಣೆ ಸ್ಟೌವ್ ಬಂತು, ಗ್ಯಾಸ್ ಬಂತು. ಕಾವಲಿ ಮಾತ್ರ ಬದಲಾಗಲಿಲ್ಲ. ಬದನೆಕಾಯಿಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಅಮ್ಮ ಅದನ್ನು ಸವರುತ್ತಿದ್ದಳು. ಅದರ ಮೇಲೆ ಚಪಾತಿ ಮಾಡಲು ಯಾರಿಗೂ ಅಪ್ಪಣೆಯಿರಲಿಲ್ಲ. ಸಾಬೂನಂತೂ ದೂರವೇ ಉಳಿಯಿತು. ಇದನ್ನು ಅವಳು ‘ಪಳಗಿಸುವುದು’ ಎನ್ನುತ್ತಿದ್ದಳು. ಎತ್ತನ್ನು ಪಳಗಿಸುವುದಕ್ಕೂ ಇದೇ ಮಾತು. ತೆಳುವಾದ ಎಣ್ಣೆ ಕಾದು, ಗಾಳಿಯ ಆಮ್ಲಜನಕದೊಡನೆ ಸೇರಿ, ಕಬ್ಬಿಣಕ್ಕಂಟಿದ ಗಟ್ಟಿ ಪದರವಾಗುತ್ತದೆ ಎಂಬ ರಸಾಯನಶಾಸ್ತ್ರ ಅವಳಿಗೆ ತಿಳಿದಿರಲಿಲ್ಲ. ಆದರೆ ಆ ಪದರವನ್ನು ಬೆಳೆಸಲು ವರ್ಷಗಳು ಬೇಕು, ಕೆಡಿಸಲು ಒಂದು ದಿನ ಸಾಕು ಎಂಬುದು ತಿಳಿದಿತ್ತು.

ವಿಜ್ಞಾನ ಪಾಠ ಹೇಳುತ್ತಿದ್ದ ನನಗೆ ಈ ತಿಳಿವಳಿಕೆ ಮೂಢನಂಬಿಕೆಯಂತೆ ಕಂಡಿತು. 1938ರಲ್ಲಿ ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್, 1990ರ ದಶಕದಲ್ಲಿ ನಾನ್‌ಸ್ಟಿಕ್ ತವೆಯ ರೂಪದಲ್ಲಿ ನಮ್ಮ ಮನೆಗೂ ಬಂತು. ಹೊಸದರ ಸಂಭ್ರಮದಲ್ಲಿ ಬೀಡಿನ ಕಾವಲಿಯನ್ನು ನಾನೇ ಹಳೆ ಸಾಮಾನಿನವನ ತಕ್ಕಡಿಗೆ ಹಾಕಿದೆ. ಅಮ್ಮ ಒಂದು ಮಾತನ್ನೂ ಆಡಲಿಲ್ಲ. ಮರುದಿನದಿಂದ ದೋಸೆ ಹುಯ್ಯುವ ಕೆಲಸವನ್ನು ಮಾತ್ರ ಸೊಸೆಗೆ ಬಿಟ್ಟುಕೊಟ್ಟಳು. ನಾಲ್ಕೈದು ವರ್ಷಗಳಲ್ಲಿ ತವೆಯ ಲೇಪ ಎದ್ದುಬಂತು. ಗಾದೆ ನಿಜವಾಯಿತು: ನಮ್ಮ ಮನೆಯ ಕಾವಲಿಯೇ ತೂತು.

ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಅಲ್ಲಿ ಅವನು ದಪ್ಪ ಬೀಡಿನ ಬಾಣಲೆಯಲ್ಲಿ ‘ಸ್ಟೇಕ್’ ಎಂಬ ಮಾಂಸದ ತುಂಡನ್ನು ಬೇಯಿಸುತ್ತಾನಂತೆ. ಸಸ್ಯಾಹಾರಿಯಾದ ನನ್ನೆದುರು ಹೇಳಲು ಮೊದಲು ಸಂಕೋಚಪಟ್ಟ. ಬಾಣಲೆ ಚೆನ್ನಾಗಿ ಕಾಯಬೇಕು, ಮಾಂಸವನ್ನು ಒರೆಸಿ ಒಣಗಿಸಿ ಇಡಬೇಕು, ತಾನಾಗಿ ಬಿಡುವವರೆಗೆ ಅಲುಗಿಸಬಾರದು ಎಂದ. ಕೊನೆಯ ಮಾತನ್ನು ಅಮ್ಮ ದೋಸೆಗೂ ಹೇಳುತ್ತಿದ್ದಳು! ಭಾರವಾದ ಬೀಡು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣನೆಯ ಪದಾರ್ಥ ಬಿದ್ದರೂ ಬೇಗ ತಣಿಯುವುದಿಲ್ಲ. ಆ ಹೊಂಬಣ್ಣದ ಹೊರಪದರಕ್ಕೆ ಕಾರಣವಾದ ಕ್ರಿಯೆಯನ್ನು ಫ್ರಾನ್ಸಿನ ಮೇಯಾರ್ 1912ರಲ್ಲಿ ವಿವರಿಸಿದ. ಮಾಂಸಕ್ಕೂ ದೋಸೆಗೂ ಅದು ಒಂದೇ.

ನಾನೂ ಈಗ ಹೊಸ ಬೀಡಿನ ಕಾವಲಿಯೊಂದನ್ನು ತಂದಿದ್ದೇನೆ. ಮೊದಲ ದೋಸೆಗಳು ಕಿತ್ತುಬಂದವು. ಬದನೆಯ ತೊಟ್ಟು ಹಿಡಿದು ದಿನವೂ ಎಣ್ಣೆ ಸವರುತ್ತಿದ್ದೇನೆ. ಎಷ್ಟು ಎಣ್ಣೆ, ಎಷ್ಟು ಉರಿ ಎಂದು ಕೇಳಲು ಅಮ್ಮ ಇಲ್ಲ.